ಚಕ್ಕುಬಂದಿ: ಕಲ್ಲಿನಿಂದ ಕಂಪ್ಯೂಟರಿನವರೆಗೆ

ನಮ್ಮೂರಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕಬ್ಬಾಳದುರ್ಗದ ಕೋಟೆಯಿಂದ, ಹೈದರ್-ಟಿಪ್ಪು ಕಾಲದ ಸೆರೆಮನೆಯಿಂದ ಆರಂಭಿಸುತ್ತಾರೆ. ನಾನು ಬೆಟ್ಟ ಹತ್ತುವುದಿಲ್ಲ. ಅದರ ಬುಡದ ಹೊಲಗಳ ಎಲ್ಲೆಯಿಂದ ಆರಂಭಿಸುತ್ತೇನೆ. ಎಲ್ಲೆ ಬರೆಯುವ ಕೆಲಸಕ್ಕೂ ಇಂದು ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿರುವ ಒಂದು ಹೊಸ ಕೆಲಸಕ್ಕೂ ಹತ್ತಿರದ ನೆಂಟಸ್ತಿಕೆ ಇದೆ.

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ 9ನೇ ಸಂಪುಟ 1905ರಲ್ಲಿ ಪ್ರಕಟವಾಯಿತು. ಬೆಂಗಳೂರು ಜಿಲ್ಲೆಯ ಆ ಸಂಪುಟದಲ್ಲಿ ಅಂದಿನ ಕಾನಕಾನಹಳ್ಳಿ, ಅಂದರೆ ನಮ್ಮ ಕನಕಪುರ ತಾಲ್ಲೂಕಿನ ಶಾಸನಗಳೂ ಸೇರಿವೆ. ಕನ್ನಡನಾಡಿನ ದಾನಶಾಸನಗಳಲ್ಲಿ ಒಂದು ರೂಢಿಯಿದೆ. ಕೊಟ್ಟವರು ಯಾರು, ಪಡೆದವರು ಯಾರು ಎಂದ ಮೇಲೆ ಮೂಡಲು, ತೆಂಕಲು, ಪಡುವಲು, ಬಡಗಲು ಏನಿದೆ ಎಂದು ಹೇಳುತ್ತಾರೆ: ಹಳ್ಳ, ಹುತ್ತ, ಹುಣಸೆಮರ, ನೆಟ್ಟ ಕಲ್ಲು. ಕೊನೆಗೆ, ಇದನ್ನು ಮೀರಿದವನಿಗೆ ಶಾಪ. (ನಮ್ಮ ಕಂಪ್ಯೂಟರ್ ತೋರಿಸುವ ಎರರ್ ಮೆಸೇಜ್‌ಗಿಂತ ಅದು ಎಷ್ಟೋ ಸ್ಪಷ್ಟ.) ಕಲ್ಲಿನ ಮೇಲೆ ಬರೆಸಿದವನಿಗೆ ತನ್ನ ಹೊಲ ಗೊತ್ತಿತ್ತು. ಬರೆಸಿದ್ದು ಆ ಜಾಗವನ್ನು ಎಂದೂ ನೋಡದವನಿಗಾಗಿ.

ಮರ ಬೀಳುತ್ತದೆ, ಹಳ್ಳ ದಾರಿ ಬದಲಿಸುತ್ತದೆ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದ ಮೇಲೆ ಹೊಲಗಳಿಗೆ ಸರ್ವೆ ನಂಬರ್ ಬಂತು. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಸೇರಿದರೆ ಒಂದು ಎಕರೆ. ಆದರೂ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವುದು ನಿಲ್ಲಲಿಲ್ಲ. ನಂಬರ್ ಒಂದನ್ನೇ ನಂಬಬಾರದು ಎಂಬ ಆ ಎಚ್ಚರ ಒಳ್ಳೆಯದೇ. 2000ರ ಸುಮಾರಿಗೆ ಭೂಮಿ ಯೋಜನೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು.

ಕಂಪ್ಯೂಟರ್ ಲೋಕದಲ್ಲೂ ಇಂಥ ಬರವಣಿಗೆಗೆ ಚರಿತ್ರೆಯಿದೆ. 1971ರ ನವೆಂಬರ್ 3ರ ದಿನಾಂಕದ ಯುನಿಕ್ಸ್ ಕೈಪಿಡಿಯನ್ನು ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದರು. ಪ್ರತಿ ಆಜ್ಞೆಗೆ ಹೆಸರು, ಬಳಸುವ ಬಗೆ, ವಿವರಣೆ, ಜೊತೆಗೆ ಅದರಲ್ಲಿರುವ ದೋಷಗಳಿಗೇ ಒಂದು ಜಾಗ! ಮಾಡಿದವರೇ ದೋಷವನ್ನು ಬರೆದಿಟ್ಟ ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಆದರೆ ಆ ಕೈಪಿಡಿಯನ್ನು ಓದುತ್ತಿದ್ದವರು ಮನುಷ್ಯರು. ಅರ್ಥವಾಗದಿದ್ದರೆ ಪಕ್ಕದ ಮೇಜಿನವರನ್ನು ಕೇಳುತ್ತಿದ್ದರು.

2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಭಾಷಾ ಮಾದರಿಗಳು ಹೊರಗಿನ ಪ್ರೋಗ್ರಾಂಗಳನ್ನು ಕರೆಯುವ ಸೌಲಭ್ಯ ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಇದಕ್ಕೆ ಎಂಸಿಪಿ ಎಂಬ ಒಂದು ಸಾಮಾನ್ಯ ಪದ್ಧತಿ ಪ್ರಕಟಿಸಿತು. ಹೀಗೆ ಕರೆಯಬಹುದಾದ ಪ್ರೋಗ್ರಾಂಗೆ ಟೂಲ್ ಎನ್ನುತ್ತಾರೆ. ಯಾವ ಟೂಲನ್ನು ಯಾವಾಗ ಕರೆಯಬೇಕೆಂದು ಎಐ ತಾನೇ ತೀರ್ಮಾನಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಳಗಿನ ಕೋಡ್ ಕಾಣುವುದಿಲ್ಲ. ಕಾಣುವುದು ಹೆಸರು, ನಾಲ್ಕು ಸಾಲಿನ ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ ಇಷ್ಟೇ. ಹೊಲ ನೋಡದೆ ಶಾಸನ ಓದುವವನ ಸ್ಥಿತಿಯೇ ಅದರದ್ದೂ.

ಪಹಣಿ ತೋರಿಸುವ ಒಂದು ಟೂಲ್ ಇದೆ ಎಂದುಕೊಳ್ಳಿ. 'ಜಮೀನಿನ ವಿಸ್ತೀರ್ಣ ಕೊಡುತ್ತದೆ' ಎಂದಷ್ಟೇ ಅದರ ವಿವರಣೆ. ಉತ್ತರ 2.10 ಎಂದು ಬರುತ್ತದೆ. ನಮ್ಮೂರಿನ ಯಾರನ್ನೇ ಕೇಳಿ, ಎರಡು ಎಕರೆ ಹತ್ತು ಗುಂಟೆ ಎನ್ನುತ್ತಾರೆ. ಎಐ ಅದನ್ನು ದಶಮಾಂಶವೆಂದು ಓದಿದರೆ ಎರಡು ಎಕರೆ ನಾಲ್ಕು ಗುಂಟೆ ಆಗುತ್ತದೆ. ಆರು ಗುಂಟೆ, ಅಂದರೆ 6,534 ಚದರ ಅಡಿ, ಲೆಕ್ಕದಿಂದಲೇ ಮಾಯ! ಅಣ್ಣತಮ್ಮಂದಿರು ಕೋರ್ಟು ಹತ್ತಲು ಅಷ್ಟು ಜಾಗ ಸಾಲದೆ? ವಿವರಣೆಯಲ್ಲಿ 'ಚುಕ್ಕಿಯ ಹಿಂದಿನದು ಎಕರೆ, ಮುಂದಿನದು ಗುಂಟೆ. 40 ಗುಂಟೆಗೆ ಒಂದು ಎಕರೆ' ಎಂದು ಒಂದು ಸಾಲು ಸೇರಿಸಿದ್ದರೆ ಆ ಗೊಂದಲ ಇರುವುದಿಲ್ಲ.

ಜಿಲ್ಲೆಯ ಹೆಸರೂ ಹೀಗೇ. ನಮ್ಮ ತಾಲ್ಲೂಕು ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರಕ್ಕೆ ಸೇರಿತು. 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಟೂಲ್‌ಗೆ 'ಜಿಲ್ಲೆ' ಕೊಡಿ ಎಂದರೆ ಯಾವ ಹೆಸರನ್ನು ಕೊಡುವುದು? ಹಳೆಯ ಹೆಸರು ನಡೆಯುತ್ತದೋ ಇಲ್ಲವೋ ಎಂಬುದನ್ನು ಬರೆದವರೇ ಹೇಳಬೇಕು.

ಯಾವುದಕ್ಕೆ ಬಳಸಬಾರದು ಎಂಬುದನ್ನು ಬರೆಯುವುದು ಇನ್ನೂ ಮುಖ್ಯ ಎಂದು ನನ್ನ ಅಭಿಪ್ರಾಯ. ತಂದೆ ತೀರಿಕೊಂಡ ಮೇಲೆ ಮಗನೊಬ್ಬ 'ಪೌತಿ ಖಾತೆ ಆಯ್ತಾ?' ಎಂದು ಕೇಳುತ್ತಾನೆ. ಪಹಣಿಯ ಟೂಲ್ ಕರೆದರೆ ತಂದೆಯ ಹೆಸರೇ ಬರಬಹುದು. ಅರ್ಜಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಅದನ್ನು ಹೇಳುವುದು ಮ್ಯುಟೇಷನ್ ಸ್ಥಿತಿಯ ಟೂಲ್. ಎರಡರ ವಿವರಣೆಯಲ್ಲೂ ಒಂದನ್ನೊಂದು ಹೆಸರಿಸಿ 'ಇದಕ್ಕೆ ಅದನ್ನು ಬಳಸಿ' ಎನ್ನಬೇಕು. ಅರ್ಜಿ ಹಾಕಿಯೇಬಿಡುವ ಮೂರನೆಯ ಟೂಲ್ ಇದ್ದರೆ, ಕೇಳಿದವರ ಒಪ್ಪಿಗೆಯಿಲ್ಲದೆ ಕರೆಯಬಾರದೆಂದು ಮೊದಲ ಸಾಲಿನಲ್ಲೇ ಇರಬೇಕು. ಅಷ್ಟೇ ಸಾಲದೆಂದು, ಒಪ್ಪಿಗೆಯಿಲ್ಲದೆ ನಡೆಯದಂತೆ ಪ್ರೋಗ್ರಾಂನಲ್ಲೇ ತಡೆ ಹಾಕಬೇಕು.

ಈ ವಿವರಣೆಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅದರ ನಡುವೆ ಪೌತಿ, ಪೋಡಿ, ಆಕಾರಬಂದ್ ಎಂಬ ಪದಗಳನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಇಟ್ಟು, ಪ್ರತಿಯೊಂದಕ್ಕೂ ಒಂದು ಸಾಲಿನ ಅರ್ಥ ಕೊಡುವುದು ಒಳ್ಳೆಯದು. ಸಾತನೂರು ನಾಡಕಚೇರಿಗೆ ಬರುವವರ ಬಾಯಲ್ಲಿರುವುದು ಆ ಪದಗಳೇ.