ಬಾಲಕಿರೆವ್ ಒಂದನೆಯ ಸಿಂಫನಿ (1949ರ ಧ್ವನಿಮುದ್ರಣ)

ರಷ್ಯದ ಸಂಗೀತ ರಚನಕಾರ ಮಿಲಿ ಬಾಲಕಿರೆವ್‌ನ (1837–1910) ಸಿ ಮೇಜರ್ ಸಿಂಫನಿಯನ್ನು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಹರ್ಬರ್ಟ್ ಫಾನ್ ಕರಾಯಾನ್ ನಿರ್ದೇಶನದಲ್ಲಿ ನುಡಿಸಿದ ಧ್ವನಿಮುದ್ರಣ. ಹೊರತಂದದ್ದು ಕೊಲಂಬಿಯಾ ಕಂಪನಿ, ನಿರ್ಮಾಪಕ ವಾಲ್ಟರ್ ಲೆಗ್. ಇದಕ್ಕೆ ಹಣ ಒದಗಿಸಿದವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ (1919–1974).

ಒಡೆಯರನ್ನು ಕರ್ನಾಟಕ ನೆನೆಯುವುದು ‘ಶ್ರೀವಿದ್ಯಾ’ ಅಂಕಿತದ ಕೃತಿಗಳಿಂದ. ಅವರ ಮೊದಲ ಒಲವು ಪಿಯಾನೊ. ಅವರಿಗೆ ಕಛೇರಿ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಪಟ್ಟಕ್ಕೆ ಬಂದವರಿಗೆ ಆ ದಾರಿ ಮುಚ್ಚಿತು. ಗ್ರಾಮಫೋನ್ ಪ್ಲೇಟುಗಳ ಹುಚ್ಚು ಮಾತ್ರ ಉಳಿಯಿತು. ಮೈಸೂರಿಗೆ ಬಂದ ಲೆಗ್ ಕಂಡದ್ದು ಅರಮನೆಯಲ್ಲಿ ಗಂಭೀರ ಸಂಗೀತದ ಅಪಾರ ಪ್ಲೇಟು ಸಂಗ್ರಹ, ಸಾಲು ಸಾಲು ಧ್ವನಿವರ್ಧಕ, ಹಲವು ದೊಡ್ಡ ಪಿಯಾನೊ, ಮೂವತ್ತು ತುಂಬದ ಒಬ್ಬ ಮಹಾರಾಜ. ಫಿಲ್‌ಹಾರ್ಮೋನಿಯಾವನ್ನು ಲೆಗ್ 1945ರಲ್ಲಿ ಕಟ್ಟಿದ್ದ. ಅದಕ್ಕೆ ಹಣದ ಆಸರೆ ಬೇಕಿತ್ತು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಡೆಯರು ಒಪ್ಪಿದರು.

ಬದಲಿಗೆ ತಮಗೆ ಬೇಕಾದ ಕೃತಿಗಳ ಪಟ್ಟಿಯನ್ನೂ ಮುಂದಿಟ್ಟರು. ಬೆಥೋವನ್, ಮೊಜಾರ್ಟ್ ಪ್ಲೇಟುಗಳಿಗೆ ಅಂಗಡಿಯಲ್ಲಿ ಬರವಿರಲಿಲ್ಲ. ಅವರು ಕೇಳಿದ್ದು ಬಾಲಕಿರೆವ್‌ನ ಸಿಂಫನಿ, ಫ್ರಾನ್ಸಿನ ರೂಸೆಲ್‌ನ ನಾಲ್ಕನೆಯ ಸಿಂಫನಿ, ಬುಸೋನಿಯ ‘ಇಂಡಿಯನ್ ಫ್ಯಾಂಟಸಿ’. ಕಂಪನಿಯೊಂದು ಲಾಭ ನೋಡಿ ಮಾಡುವ ಆಯ್ಕೆಗಳಲ್ಲ ಇವು; ಊರೂರಿನ ಪ್ಲೇಟುಗಳನ್ನೆಲ್ಲ ಕೇಳಿ ಮುಗಿಸಿ, ಇನ್ನೂ ಯಾವುದು ಸಿಕ್ಕಿಲ್ಲ ಎಂದು ಹುಡುಕುವ ರಸಿಕನ ಆಯ್ಕೆ.

ಬಾಲಕಿರೆವ್ ಬೊರೊಡಿನ್, ಮುಸೊರ್ಗ್‌ಸ್ಕಿ, ರಿಮ್‌ಸ್ಕಿ-ಕೊರ್ಸಾಕೊವ್, ಕ್ಯುಯಿ ಈ ರಚನಕಾರರ ಗುಂಪಿನ ಮುಂದಾಳು. ಇತರರ ಕೃತಿಗಳನ್ನು ತಿದ್ದುತ್ತಲೇ ಕಾಲ ಕಳೆದವನು ತನ್ನ ಸಿಂಫನಿಯನ್ನು 1864ರಲ್ಲಿ ಆರಂಭಿಸಿ ಮುಗಿಸಿದ್ದು 1897ರಲ್ಲಿ. ನಡುವೆ ಸಂಗೀತಲೋಕವನ್ನೇ ಬಿಟ್ಟು ವಾರ್ಸಾ ರೈಲುಮಾರ್ಗದ ಕಚೇರಿಯಲ್ಲಿ ಗುಮಾಸ್ತನಾಗಿದ್ದುದೂ ಉಂಟು. 1898ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತಾನೇ ಮುಂದೆ ನಿಂತು ನುಡಿಸಿದ. ಆ ಹೊತ್ತಿಗೆ ಅವನ ಶಿಷ್ಯರ ಸಿಂಫನಿಗಳು ಹಳೆಯವಾಗಿದ್ದವು. ಮೂವತ್ತು ವರ್ಷ ಮೊದಲೇ ಬಂದಿದ್ದರೆ ದಾರಿ ತೋರಿದ ಕೃತಿ ಎನಿಸುತ್ತಿತ್ತು.

ಕೃತಿಗೆ ನಾಲ್ಕು ಭಾಗ. ಮೊದಲ ಭಾಗದ ವಿಳಂಬ ಪೀಠಿಕೆಯಲ್ಲಿ ಬರುವ ಪುಟ್ಟ ಸ್ವರಗುಚ್ಛಗಳೇ ಮುಂದೆ ವೇಗದ ಗತಿಯಲ್ಲಿ ಬೆಳೆಯುತ್ತ ಹೋಗುತ್ತವೆ. ಎರಡನೆಯದು ಚುರುಕಿನ ಸ್ಕೆರ್ಜೊ. ಇದಕ್ಕೆಂದು ಮೊದಲು ಬರೆದಿದ್ದ ಸ್ಕೆರ್ಜೊವನ್ನು ಬಾಲಕಿರೆವ್ ಎರಡನೆಯ ಸಿಂಫನಿಗೆ ಎತ್ತಿಟ್ಟುಕೊಂಡ. ಕೃತಿಯ ಜೀವ ಮೂರನೆಯ ಭಾಗದಲ್ಲಿದೆ: ಕ್ಲಾರಿನೆಟ್ ಎತ್ತಿಕೊಳ್ಳುವ ಉದ್ದನೆಯ ರಾಗಾಲಾಪದಂಥ ಎಳೆ ತಂತಿವಾದ್ಯಗಳಿಗೆ ದಾಟಿ ಹಬ್ಬುತ್ತದೆ, ಕೊನೆಗೆ ಹಾರ್ಪ್ ನಿಲ್ಲಿಸದೆ ಕೇಳುಗರನ್ನು ರಷ್ಯದ ಜನಪದ ಧಾಟಿಯ ಅಂತಿಮ ಭಾಗಕ್ಕೆ ಕರೆದೊಯ್ಯುತ್ತದೆ. ಸುಮಾರು 40 ನಿಮಿಷದ ಈ ಕೃತಿ ಆಗಿನ 78 ಸುತ್ತಿನ ಪ್ಲೇಟುಗಳಲ್ಲಿ ಮಗ್ಗುಲಿಗೆ ನಾಲ್ಕೈದು ನಿಮಿಷದಂತೆ ತುಂಡಾಗಲೇಬೇಕಿತ್ತು. ಉದ್ದನೆಯ ಎಳೆಗಳ ಇಂಥ ಸಂಗೀತಕ್ಕೆ ಅದು ಶಿಕ್ಷೆಯೇ. ಇಂಗ್ಲೆಂಡಿನಲ್ಲಿ ಕೊಲಂಬಿಯಾ ಕಂಪನಿ ಮಗ್ಗುಲಿಗೆ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ಪ್ಲೇಟು ತಂದದ್ದು 1952ರಲ್ಲಿ. ಹಾರ್ಪಿನ ಆ ಸೇತುವೆ ಮನೆಯಲ್ಲಿ ಕುಳಿತವರಿಗೆ ತಡೆಯಿಲ್ಲದೆ ದಕ್ಕಿದ್ದು ಆಮೇಲೆ.

ಮೈಸೂರಿನ ಹೆಸರು ಹೆಚ್ಚಾಗಿ ಕೇಳಿಬರುವುದು ಇನ್ನೊಬ್ಬ ರಷ್ಯನ್, ನಿಕೊಲಾಯ್ ಮೆಟ್ನರ್ ಜೊತೆಗೆ. ಒಡೆಯರು ಮೆಟ್ನರ್ ಸೊಸೈಟಿ ಸ್ಥಾಪಿಸಿ, ಲಂಡನ್ನಿನಲ್ಲಿ ನೆಲೆಸಿದ್ದ ಆತನ ಮೂರೂ ಪಿಯಾನೊ ಕನ್ಸರ್ಟೊಗಳನ್ನು ಆತನಿಂದಲೇ ನುಡಿಸಿ ಮುದ್ರಿಸಿದರು. ಮೂರನೆಯದು ಅವರಿಗೇ ಅರ್ಪಿತ. ಆಧುನಿಕರನ್ನು ಖಂಡಿಸಿ ಪುಸ್ತಕವನ್ನೇ ಬರೆದವನು ಮೆಟ್ನರ್. ಆದರೆ ಪೋಷಕರಾದ ಒಡೆಯರ ಅಭಿರುಚಿ ಅಷ್ಟು ಕಟ್ಟುನಿಟ್ಟಿನದಲ್ಲ ಎಂಬುದಕ್ಕೆ ಅವರು ಆಧುನಿಕನಾದ ರೂಸೆಲ್‌ನನ್ನು ಆರಿಸಿದ್ದೇ ಸಾಕ್ಷಿ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡು’ಗಳ ಮೊದಲ ಪ್ರಯೋಗಕ್ಕೂ 4,800 ಡಾಲರಿನ ಖಾತರಿ ಕೊಟ್ಟವರು ಅವರೇ.

ಬಾಲಕಿರೆವ್ ಸಿಂಫನಿಯನ್ನು ಥಾಮಸ್ ಬೀಚಮ್ 1955ರಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಮತ್ತೆ ಮುದ್ರಿಸಿದ. ಕರಾಯಾನ್ ಮುದ್ರಣ ಮುಂದೆ ಸಿಡಿಯಲ್ಲೂ ಬಂತು.