ಶ್ರವಣಾತೀತ ಧ್ವನಿ ಮತ್ತು ಎಳೆಗೂಸಿನ ಮೂತ್ರಪಿಂಡ

ಮುಂಬಯಿಯ ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆಗೆ ಕುಬಸ ಮಾಡಿ, ಉಡಿ ತುಂಬಿ ತವರಿಗೆ ಕಳಿಸುವ ಪದ್ಧತಿ ಇನ್ನೂ ಉಳಿದುಬಂದಿದೆ. 2009ರಲ್ಲಿ ನಾವೂ ನಮ್ಮ ಸೊಸೆಯನ್ನು ಹಾಗೆಯೇ ಗದಗಿನ ರೈಲಿಗೆ ಹತ್ತಿಸಿ ಬಂದೆವು. ಉಂಡಿಯ ಡಬ್ಬಿ, ಹಣ್ಣಿನ ಬುಟ್ಟಿ, ಹೊಸ ಸೀರೆ, ಎಲ್ಲವನ್ನೂ ಎರಡೆರಡು ಸಲ ಎಣಿಸಿ ಇಟ್ಟಿದ್ದೆವು. ಬಿಟ್ಟುಹೋದದ್ದು ಒಂದೇ ವಸ್ತು: ಕಪಾಟಿನಲ್ಲಿದ್ದ ಆಸ್ಪತ್ರೆಯ ಫೈಲು. ಹೊರಡುವ ವಾರ ಮಾಡಿಸಿದ ಸ್ಕ್ಯಾನಿನ ರಿಪೋರ್ಟು ಅದರಲ್ಲಿತ್ತು. ಅದರ ಕೊನೆಯಲ್ಲಿ, ಗರ್ಭಸ್ಥ ಶಿಶುವಿನ ಎಡ ಮೂತ್ರಪಿಂಡದಲ್ಲಿ 11 ಮಿಲಿಮೀಟರಿನ ಹಿಗ್ಗುವಿಕೆ ಇದೆಯೆಂದು ಒಂದು ಸಾಲು ಬರೆದಿತ್ತು. ನಾವು ಅದನ್ನು ಓದಿದ್ದೆವು, ಓದಿ ಮರೆತಿದ್ದೆವು.

ಆ ಒಂದು ಸಾಲಿನ ಬೆಲೆ ನಮಗೆ ತಿಳಿದದ್ದು ಆರು ತಿಂಗಳ ತರುವಾಯ. ಆ ಕಥೆಯನ್ನು ಕೊನೆಗೆ ಹೇಳುತ್ತೇವೆ. ಅದಕ್ಕೆ ಮೊದಲು, ಗರ್ಭದ ಕತ್ತಲೆಯಲ್ಲಿ ಹುಣಿಸೆಬೀಜಕ್ಕಿಂತ ಸಣ್ಣದಾದ ಹಿಗ್ಗುವಿಕೆಯನ್ನು ಮನುಷ್ಯ ಅಳೆಯಲು ಕಲಿತದ್ದು ಹೇಗೆಂಬುದನ್ನು ನೋಡೋಣ.

ನಮ್ಮ ಕಿವಿಗೆ ಕೇಳಿಸುವ ಸದ್ದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ. ಅದನ್ನು ಮೀರಿದ ಸದ್ದೇ ಶ್ರವಣಾತೀತ ಧ್ವನಿ. 1880ರಲ್ಲಿ ಫ್ರಾನ್ಸಿನ ಪಿಯೇರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ, ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದರು. ಅಂಥ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕಂಪಿಸುತ್ತದೆಂಬುದೂ ಬೇಗನೆ ತಿಳಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಪಾಲ್ ಲಾಂಜೆವಿನ್ ಇದೇ ಗುಣವನ್ನು ಬಳಸಿ, ನೀರಿನೊಳಗಿನ ಜಲಾಂತರ್ಗಾಮಿ ಹಡಗುಗಳನ್ನು ಪ್ರತಿಧ್ವನಿಯಿಂದ ಪತ್ತೆಮಾಡುವ ಉಪಕರಣವನ್ನು ರೂಪಿಸಿದರು. ಆಮೇಲೆ ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕನ್ನು ಹುಡುಕುವುದಕ್ಕೂ ಇದೇ ವಿದ್ಯೆ ಬಂತು.

ಕಾರ್ಖಾನೆಯಿಂದ ಅದನ್ನು ಹೆರಿಗೆ ಆಸ್ಪತ್ರೆಗೆ ತಂದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದು ರೇಡಾರಿನ ಪರಿಚಯ ಮಾಡಿಕೊಂಡಿದ್ದ ಡಾಕ್ಟರು ಇವರು. 1955ರ ಜುಲೈಯಲ್ಲಿ, ಶಸ್ತ್ರಕ್ರಿಯೆಯಿಂದ ತೆಗೆದ ಗಡ್ಡೆಗಳನ್ನೂ ನೀರುಗುಳ್ಳೆಗಳನ್ನೂ ಕಾರಿನಲ್ಲಿ ಹೇರಿಕೊಂಡು ಅವರು ರೆನ್‌ಫ್ರೂ ಊರಿನ ಬಾಯ್ಲರು ಕಾರ್ಖಾನೆಗೆ ಹೋದರು. ಹೋಲಿಕೆಗಾಗಿ ದನದ ಮಾಂಸದ ದೊಡ್ಡ ತುಂಡೊಂದನ್ನೂ ಇಟ್ಟುಕೊಂಡರು. ಲೋಹದ ಬಿರುಕು ನೋಡುವ ಯಂತ್ರವನ್ನು ಇವುಗಳ ಮೇಲಿಟ್ಟಾಗ ಭೇದ ಸ್ಪಷ್ಟವಾಯಿತು. ಗಟ್ಟಿ ಗಡ್ಡೆಯಿಂದ ಒಂದು ಬಗೆಯ ಪ್ರತಿಧ್ವನಿ ಬಂದರೆ, ನೀರು ತುಂಬಿದ ಗುಳ್ಳೆ ಸದ್ದನ್ನು ನಿರಾತಂಕವಾಗಿ ಹಾಯಗೊಟ್ಟು ಆಚೆಯ ಗೋಡೆಯಿಂದ ಮಾತ್ರ ಹಿಂದಿರುಗಿಸುತ್ತಿತ್ತು. ಈ ಯಂತ್ರ ಮೊಟ್ಟಮೊದಲು ಕಲಿತ ಪಾಠ ಮಾಂಸ ಯಾವುದು, ನೀರು ಯಾವುದು ಎಂಬುದೇ. ನಮ್ಮ ಇಡೀ ಕಥೆ ಈ ಒಂದು ಪಾಠದ ಮೇಲೆ ನಿಂತಿದೆ.

ತರುಣ ಇಂಜಿನಿಯರ್ ಟಾಮ್ ಬ್ರೌನ್ ಮತ್ತು ಡಾ. ಜಾನ್ ಮ್ಯಾಕ್‌ವಿಕಾರ್ ಅವರೊಡನೆ ಡೊನಾಲ್ಡರು ಬರೆದ ಲೇಖನ 1958ರ ಜೂನ್ 7ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಟ್ಟೆಯೊಳಗಿನ ಅನಾರೋಗ್ಯಕ್ಕೆ ಏನು ಕಾರಣವೆಂದು ಮುಟ್ಟಿ ಊಹಿಸುತ್ತಿದ್ದ ಕಾಲ ಅಲ್ಲಿಗೆ ಮುಗಿಯತೊಡಗಿತು.

ಈಗ ಮೂತ್ರಪಿಂಡದ ವಿಷಯಕ್ಕೆ ಬರೋಣ. ಮೂತ್ರಪಿಂಡದಲ್ಲಿ ಸೋಸಿ ಬಂದ ಮೂತ್ರ ಮೊದಲು ಸಣ್ಣ ಬಟ್ಟಲುಗಳಂಥ ಭಾಗಗಳಲ್ಲಿ, ಅಲ್ಲಿಂದ ನಡುವಿನ ಆಲಿಕೆಯಂಥ ಭಾಗದಲ್ಲಿ ಕೂಡಿಕೊಂಡು, ಸಪೂರವಾದ ಮೂತ್ರನಾಳದ ಮೂಲಕ ಕೆಳಗಿನ ಮೂತ್ರಕೋಶಕ್ಕೆ ಇಳಿಯುತ್ತದೆ. ಹಾದಿಯಲ್ಲಿ ಎಲ್ಲಿಯಾದರೂ ತಡೆಯಾದರೆ, ಇಲ್ಲವೆ ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ ಚಿಮ್ಮುತ್ತಿದ್ದರೆ, ಆಲಿಕೆ ಹಿಗ್ಗುತ್ತದೆ. ಹಿಗ್ಗು ಬಹಳವಾಗಿ, ಬಹುಕಾಲ ಉಳಿದರೆ ಸೋಸುವ ಭಾಗವೇ ತೆಳ್ಳಗಾಗಿ ಕೆಡಬಹುದು. ನೋವೆಂದು ಹೇಳಲಾರದ ಕೂಸಿನಲ್ಲಿ ಇದನ್ನು ಕಂಡುಹಿಡಿಯುವುದು ಹಿಂದೆ ಬಹಳ ಕಷ್ಟವಾಗಿತ್ತು. ಜ್ವರ ಬಂದಾಗ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಾಗ, ಕೂಸು ಮೈಗೂಡದೆ ಸೊರಗಿದಾಗ ಮಾತ್ರ ಅನುಮಾನ ಹುಟ್ಟುತ್ತಿತ್ತು. ರಕ್ತನಾಳಕ್ಕೆ ಔಷಧ ಕೊಟ್ಟು ಎಕ್ಸ್‌ರೇ ತೆಗೆಯುವ ವಿಧಾನ 1929ರಲ್ಲೇ ಜರ್ಮನಿಯಲ್ಲಿ ಬಳಕೆಗೆ ಬಂದಿತ್ತು, ನಿಜ. ಆದರೆ ಹುಟ್ಟಿದ ಹೊಸದರಲ್ಲಿ ಮೂತ್ರಪಿಂಡಗಳು ಇನ್ನೂ ಬಲಿಯದಿರುವುದರಿಂದ ಆ ಚಿತ್ರ ಮಸುಕಾಗಿಯೇ ಬರುತ್ತಿತ್ತು.

ಶ್ರವಣಾತೀತ ಧ್ವನಿಗೆ ಮೂತ್ರಪಿಂಡ ಕೆಲಸ ಮಾಡಬೇಕೆಂಬ ಹಂಗಿಲ್ಲ. ನೀರು ನಿಂತಿದ್ದರೆ ಸಾಕು, ಅದು ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಡಾ. ವಿಲಿಯಂ ಗ್ಯಾರೆಟ್ ಮತ್ತು ಸಂಗಡಿಗರು 1970ರಲ್ಲಿ ಗರ್ಭಸ್ಥ ಶಿಶುವಿನ ಮೂತ್ರಪಿಂಡದ ಗುಳ್ಳೆರೋಗವನ್ನು ಹೆರಿಗೆಗೆ ಮೊದಲೇ ಗುರುತಿಸಿದ ವರದಿ ಕೊಟ್ಟರು. 1975ರಲ್ಲಿ ಅದೇ ಗ್ಯಾರೆಟ್, ಕೊಸೋಫ್ ಮತ್ತು ಆಸ್ಬೋರ್ನ್ ಕೂಡಿ, ಗರ್ಭದಲ್ಲಿರುವಾಗಲೇ ಮೂತ್ರಪಿಂಡದ ಹಿಗ್ಗು, ಮೂತ್ರನಾಳದ ಹಿಗ್ಗು ಮತ್ತು ಕೆಳಹಾದಿಯ ತಡೆಗಳನ್ನು ಕಂಡ ಬಗೆಯನ್ನು ವಿವರಿಸಿದರು. ಹುಟ್ಟುವ ಮೊದಲೇ ಕೂಸು ರೋಗಿಯಾಗಬಹುದೆಂಬ ಹೊಸ ಮಾತು ವೈದ್ಯಶಾಸ್ತ್ರಕ್ಕೆ ಸೇರಿತು.

ಇಲ್ಲಿಂದ ಮುಂದೆ ಕಥೆ ತಿರುವು ಪಡೆಯುತ್ತದೆ. ಯಂತ್ರಗಳು ಸುಧಾರಿಸಿ, ಗರ್ಭಿಣಿಯರೆಲ್ಲ ಸ್ಕ್ಯಾನು ಮಾಡಿಸಿಕೊಳ್ಳುವ ಕಾಲ ಬಂದಾಗ, ನೂರು ಬಸುರಿಗೆ ಒಂದೆರಡರಲ್ಲಾದರೂ ಈ ಹಿಗ್ಗು ಕಾಣತೊಡಗಿತು. ಇಷ್ಟು ಕೂಸುಗಳಿಗೂ ಶಸ್ತ್ರಕ್ರಿಯೆ ಬೇಕೆ? ಕೆಟ್ಟ ಜೋಡಣೆಯನ್ನು ಕತ್ತರಿಸಿ ಮರಳಿ ಹೊಲಿಯುವ ಒಳ್ಳೆಯ ವಿಧಾನವನ್ನು ಇಂಗ್ಲೆಂಡಿನ ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲೇ ಪ್ರಕಟಿಸಿದ್ದರು. ಕಂಡದ್ದನ್ನೆಲ್ಲ ಬೇಗ ಸರಿಪಡಿಸಿಬಿಡೋಣ ಎಂಬವರು ಒಂದು ಕಡೆ. ಕಾದು ನೋಡೋಣ ಎಂಬವರು ಇನ್ನೊಂದು ಕಡೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ರಾನ್ಸ್‌ಲಿ ಮತ್ತು ಸಂಗಡಿಗರು, ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದ್ದ ಮಕ್ಕಳನ್ನು ಶಸ್ತ್ರಕ್ರಿಯೆಯಿಲ್ಲದೆ ಗಮನಿಸುತ್ತ ಬಂದು, 1990ರಲ್ಲಿ ತಮ್ಮ ಅನುಭವವನ್ನು ಮುಂದಿಟ್ಟರು. ಅವರಲ್ಲಿ ಹೆಚ್ಚಿನವರಿಗೆ ಕತ್ತರಿ ಬೇಕಾಗಲಿಲ್ಲ. ಇಂದು ತಿಳಿದಿರುವುದೂ ಅದೇ: ಸಣ್ಣ ಹಿಗ್ಗುಗಳಲ್ಲಿ ಬಹುಪಾಲು ತಾವಾಗಿಯೇ ಇಳಿದುಹೋಗುತ್ತವೆ.

ಹಾಗಾದರೆ ಯಾವುದು ಸಣ್ಣದು, ಯಾವುದು ದೊಡ್ಡದು? ಒಬ್ಬ ಡಾಕ್ಟರು 'ಅಲ್ಪ' ಎಂದದ್ದನ್ನು ಇನ್ನೊಬ್ಬರು 'ಮಧ್ಯಮ' ಎಂದರೆ ಹೆತ್ತವರು ಯಾರ ಮಾತು ನಂಬಬೇಕು? 1993ರಲ್ಲಿ ಅಮೆರಿಕದ ಭ್ರೂಣ ಮೂತ್ರಶಾಸ್ತ್ರ ಸಂಘದ ಶ್ರೇಣಿಪದ್ಧತಿ ಅಚ್ಚಾಗಿ, ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲುಗಳು ಬಂದವು. ಆದರೂ ಬೇರೆ ಬೇರೆ ಭಾಷೆ ನಿಲ್ಲಲಿಲ್ಲ. ಕಡೆಗೆ 2014ರಲ್ಲಿ ಎಂಟು ವೈದ್ಯಸಂಘಗಳ ಪ್ರತಿನಿಧಿಗಳು ಅಮೆರಿಕದ ಮೇರಿಲ್ಯಾಂಡಿನಲ್ಲಿ ಕಲೆತು ಒಂದೇ ಅಳತೆಗೋಲನ್ನು ಒಪ್ಪಿಕೊಂಡರು. ಅದರಂತೆ ಆಲಿಕೆಯ ಅಗಲ ಗರ್ಭದ 16ರಿಂದ 27ನೆಯ ವಾರದವರೆಗೆ 4 ಮಿ.ಮೀ.ಗಿಂತ, 28ನೆಯ ವಾರದಿಂದ 7 ಮಿ.ಮೀ.ಗಿಂತ, ಹುಟ್ಟಿದ ಮೇಲೆ 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದು ಸಹಜ. ಅಗಲ ಒಂದೇ ಸಾಲದು. ಹೊರಗಿನ ಬಟ್ಟಲುಗಳೂ ಹಿಗ್ಗಿವೆಯೆ, ಸೋಸುವ ಭಾಗ ತೆಳ್ಳಗಾಗಿದೆಯೆ, ಮೂತ್ರನಾಳ ಕಾಣುತ್ತಿದೆಯೆ, ಮೂತ್ರಕೋಶದ ಗೋಡೆ ದಪ್ಪವಾಗಿದೆಯೆ ಎಂಬುದನ್ನೂ ನೋಡಬೇಕು. ಹುಟ್ಟಿದ ಕೂಸುಗಳನ್ನು ಇವುಗಳ ಮೇಲೆ ಕಡಿಮೆ, ಮಧ್ಯಮ, ಹೆಚ್ಚು ಅಪಾಯವೆಂದು ಮೂರು ಗುಂಪು ಮಾಡುತ್ತಾರೆ.

ಇನ್ನೊಂದು ನಿಯಮ ನಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹುಟ್ಟಿದ ಮೊದಲ ಎರಡು ದಿನ ಕೂಸಿಗೆ ಹಾಲು ಕಡಿಮೆ, ಮೂತ್ರವೂ ಕಡಿಮೆ. ಆದ್ದರಿಂದ ಹಿಗ್ಗಿದ ಆಲಿಕೆಯೂ ಆಗ ಕುಗ್ಗಿ ಕಾಣುತ್ತದೆ. ಹೀಗಾಗಿ ಮೊದಲ ಸ್ಕ್ಯಾನನ್ನು 48 ಗಂಟೆಗಳಾದ ಮೇಲೆ, ತಿಂಗಳೊಳಗೆ ಮಾಡಬೇಕು; ಅದು ಚೆನ್ನಾಗಿದ್ದರೂ ಕೆಲವು ತಿಂಗಳಲ್ಲಿ ಇನ್ನೊಂದನ್ನು ಮಾಡಬೇಕು. ಗಂಡುಕೂಸಿನ ಮೂತ್ರದ್ವಾರದ ಹಾದಿಯಲ್ಲಿ ತಡೆಯಿರುವ ಸಂಶಯವಿದ್ದರೆ ಮಾತ್ರ ಕಾಯಬಾರದು, ಕೂಡಲೇ ನೋಡಬೇಕು.

ಇನ್ನು ನಮ್ಮ ಮೊಮ್ಮಗನ ಕಥೆ. ಗದಗಿನ ಕಡೆಯ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾಯಿತು. ಸೊಸೆಗೆ 'ಕಿಡ್ನಿಯಾಗ ಏನೋ ನೀರು ಅಂದಿದ್ರು' ಎಂಬಷ್ಟೇ ನೆನಪಿತ್ತು. ಅಳತೆ ಹೇಳುವ ಕಾಗದ ಮುಂಬಯಿಯ ಕಪಾಟಿನಲ್ಲಿತ್ತು. ಹುಟ್ಟಿದ ದಿನವೇ ಸ್ಕ್ಯಾನು ಮಾಡಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟರು. ಬೀಗರೂ ನಾವೂ ಫೋನಿನಲ್ಲಿ ಸಂತೋಷಪಟ್ಟೆವು. ಮತ್ತೆ ನೋಡಿಸಿರೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಾಣಂತನ ಮುಗಿಸಿ ಮುಂಬಯಿಗೆ ಬಂದ ಕೂಸಿಗೆ ನಾಲ್ಕನೆಯ ತಿಂಗಳಲ್ಲಿ ನಿಲ್ಲದ ಜ್ವರ. ಇಲ್ಲಿಯ ಮಕ್ಕಳ ಡಾಕ್ಟರು ಮೂತ್ರ ಪರೀಕ್ಷಿಸಿ, ಸ್ಕ್ಯಾನು ಮಾಡಿಸಿ, 'ಹುಟ್ಟುವ ಮೊದಲಿನ ರಿಪೋರ್ಟು ಇದೆಯೇ, ಆಜೋಬಾ?' ಎಂದು ಮರಾಠಿಯಲ್ಲಿ ಕೇಳಿದರು. ಕಪಾಟು ತೆರೆದು ಫೈಲು ತಂದುಕೊಟ್ಟೆವು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತರು. ಈಗ ಅಗಲ 22 ಮಿ.ಮೀ. ಆಗಿತ್ತು. ಬಟ್ಟಲುಗಳೂ ಹಿಗ್ಗಿದ್ದವು.

ಶಸ್ತ್ರಕ್ರಿಯೆಯಾಯಿತು. ಮೊಮ್ಮಗ ಈಗ ಕಾಲೇಜಿಗೆ ಹೋಗುವ ಹುಡುಗ; ಕ್ರಿಕೆಟ್ಟು ಬಿಟ್ಟರೆ ಬೇರೆ ಚಿಂತೆ ಇಲ್ಲ. ಆದರೆ ಎಡ ಮೂತ್ರಪಿಂಡ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ. ಮೊದಲೇ ನೋಡಿದ್ದರೆ ಪೂರ್ತಿ ಉಳಿಯುತ್ತಿತ್ತೆಂದು ಡಾಕ್ಟರು ಖಂಡಿತವಾಗಿ ಹೇಳಲಿಲ್ಲ. ಉಳಿಯುತ್ತಿರಲಿಲ್ಲವೆಂದೂ ಹೇಳಲಿಲ್ಲ.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ನಮ್ಮದು ಎರಡು ಊರಿನ ಸಂಸಾರ: ಬಸುರಿನ ತಪಾಸಣೆ ಇಲ್ಲಿ, ಬಾಣಂತನ ಅಲ್ಲಿ. ರಿಪೋರ್ಟಿನಲ್ಲಿ ಹಿಗ್ಗಿದೆಯೆಂದು ಬರೆದಿದ್ದರೆ ಎದೆಗೆಡಬೇಕಾಗಿಲ್ಲ, ಹೆಚ್ಚಿನವು ಇಳಿದುಹೋಗುತ್ತವೆ. ಆದರೆ ಮರೆಯಲೂಬಾರದು. ಸೊಸೆಯನ್ನೋ ಮಗಳನ್ನೋ ರೈಲಿಗೆ ಹತ್ತಿಸುವಾಗ ಉಂಡಿಯ ಡಬ್ಬಿಗಿಂತ ಮೊದಲು ಆ ಫೈಲನ್ನು ಆಕೆಯ ಕೈಗೆ ಕೊಡಿ.