ಎಣಿಸಲು ಬಾರದ ಕಾವಲುಗಾರ

2019ರ ಜುಲೈ 2. ಭಾರತದಲ್ಲಿ ಸಂಜೆ ಏಳು ದಾಟಿ ಹತ್ತು-ಹನ್ನೆರಡು ನಿಮಿಷವಾಗಿತ್ತು. ಲಕ್ಷಾಂತರ ಜಾಲತಾಣಗಳ ಮುಂದೆ ಕಾವಲು ನಿಲ್ಲುವ ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರ್‌ಗಳು ಜಗತ್ತಿನ ಎಲ್ಲ ಕಡೆ ಒಮ್ಮೆಗೇ ಸುಸ್ತು ಹೊಡೆದವು. ಪ್ರೊಸೆಸರ್‌ಗಳ ಬಳಕೆ ನೂರಕ್ಕೆ ನೂರು ಮುಟ್ಟಿತು. ತಾಣ ತೆರೆಯಲು ಹೋದವರಿಗೆ ಕಂಡದ್ದು 502 ಎಂಬ ದೋಷದ ಪುಟ. ಯಾರೋ ದಾಳಿ ಮಾಡಿರಬೇಕೆಂದು ಕಂಪನಿಯೊಳಗೆ ಮೊದಲು ಅನುಮಾನ ಹುಟ್ಟಿತು. ದಾಳಿ ಯಾರದೂ ಆಗಿರಲಿಲ್ಲ. ದುಷ್ಟ ಸಂಕೇತಗಳನ್ನು ಹಿಡಿಯಲೆಂದು ಅಂದು ಹಾಕಿದ್ದ ಹೊಸ ನಿಯಮದ ಒಂದೇ ಸಾಲು ಅಷ್ಟೂ ಯಂತ್ರಗಳನ್ನು 27 ನಿಮಿಷ ಕಟ್ಟಿಹಾಕಿತ್ತು.

ಆ ಸಾಲು ರೆಗ್ಯುಲರ್ ಎಕ್ಸ್‌ಪ್ರೆಶನ್. ಪ್ರೋಗ್ರಾಮರ್‌ಗಳ ಬಾಯಲ್ಲಿ ರೆಜೆಕ್ಸ್. ಪಠ್ಯದಲ್ಲಿ ಹುಡುಕಬೇಕಾದದ್ದರ ಆಕಾರವನ್ನು ಚಿಹ್ನೆಗಳಲ್ಲಿ ಬರೆಯುವ ಪುಟ್ಟ ಭಾಷೆ ಅದು. ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ. ನಕ್ಷತ್ರ ಎಂದರೆ ಅದು ಎಷ್ಟು ಸಲವಾದರೂ ಬರಬಹುದು. ಅಂದಿನ ಸಾಲಿನ ತಿರುಳು .*.*=.* ಎಂದಿತ್ತು. ಮೊದಲ ಎರಡು ತುಂಡುಗಳೂ 'ಏನಾದರೂ, ಎಷ್ಟಾದರೂ' ಎನ್ನುತ್ತವೆ. ಹಾಗಾದರೆ ಯಾವ ಅಕ್ಷರ ಯಾರ ಪಾಲಿಗೆ? ಅಣ್ಣತಮ್ಮಂದಿರಿಗೆ ಹೊಲ ಹಂಚುವವರಂತೆ ಯಂತ್ರ ಒಂದು ಪಾಲು ಮಾಡಿ ನೋಡುತ್ತದೆ, ಹೊಂದದಿದ್ದರೆ ಹಿಂದೆ ಬಂದು ಇನ್ನೊಂದು ಪಾಲು ಮಾಡುತ್ತದೆ. ಪಠ್ಯ ತುಸು ಉದ್ದವಾದರೂ ಪಾಲುಗಳ ಲೆಕ್ಕ ಬಹಳ ಬೇಗ ಬೆಳೆಯುತ್ತದೆ.

ವಿಚಿತ್ರವೆಂದರೆ, ಈ ತೊಡಕಿಗೆ ಮದ್ದು ಅದಕ್ಕೂ 51 ವರ್ಷ ಮೊದಲೇ ಅಚ್ಚಾಗಿತ್ತು.

ಕಥೆ ಶುರುವಾಗುವುದು ಪಠ್ಯ ಹುಡುಕಾಟದಿಂದಲ್ಲ, ಮಿದುಳಿನಿಂದ. 1943ರಲ್ಲಿ ವಾರನ್ ಮೆಕಲಕ್ ಮತ್ತು ಇಪ್ಪತ್ತರ ಹರೆಯದ ವಾಲ್ಟರ್ ಪಿಟ್ಸ್ ನರಕೋಶಗಳ ಜಾಲವನ್ನು ತರ್ಕದ ಲೆಕ್ಕವಾಗಿ ಬರೆದು ತೋರಿಸಿದರು. 1951ರಲ್ಲಿ ಗಣಿತಜ್ಞ ಸ್ಟೀಫನ್ ಕ್ಲೀನಿ, ರ‍್ಯಾಂಡ್ ಸಂಸ್ಥೆಗಾಗಿ ಬರೆದ ಟಿಪ್ಪಣಿಯಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು: ಇಂಥ ಜಾಲ ಎಂತೆಂಥ ಘಟನೆಗಳ ಸರಣಿಯನ್ನು ಗುರುತಿಸಬಲ್ಲದು? ಒಂದಾದ ಮೇಲೊಂದು, ಇದು ಅಥವಾ ಅದು, ಮತ್ತೆ ಮತ್ತೆ ಎಂಬ ಮೂರೇ ಜೋಡಣೆಗಳಿಂದ ಕಟ್ಟಬಹುದಾದವುಗಳನ್ನು ಮಾತ್ರ ಎಂಬುದು ಅವರಿಗೆ ಸಿಕ್ಕ ಉತ್ತರ. ಅವಕ್ಕೆ 'ರೆಗ್ಯುಲರ್' ಎಂದು ಹೆಸರಿಟ್ಟರು. ಇದಕ್ಕಿಂತ ಒಪ್ಪುವ ಹೆಸರನ್ನು ಯಾರಾದರೂ ಸೂಚಿಸಿದರೆ ಸ್ವಾಗತ ಎಂದೂ ಬರೆದಿದ್ದರು. ಯಾರ ಸೂಚನೆಯೂ ನಿಲ್ಲಲಿಲ್ಲ, ಅರ್ಥವಿಲ್ಲದ ಆ ಹೆಸರೇ ಉಳಿಯಿತು.

ಅದನ್ನು ಹುಡುಕಾಟದ ಉಪಕರಣ ಮಾಡಿದವರು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್. 1968ರ ಅವರ ಪ್ರಬಂಧ ರೆಜೆಕ್ಸನ್ನು ಐಬಿಎಂ 7094 ಯಂತ್ರದ ಸೂಚನೆಗಳಾಗಿ ಬದಲಿಸುವ ಬಗೆಯನ್ನು ವಿವರಿಸಿತು. ಅವರ ವಿಧಾನದಲ್ಲಿ ಹಿಂದೆ ಬರುವ ಮಾತೇ ಇಲ್ಲ. ಸಾಧ್ಯವಿರುವ ಎಲ್ಲ ದಾರಿಗಳನ್ನೂ ಒಟ್ಟಿಗೇ ಹಿಡಿದುಕೊಂಡು, ಪಠ್ಯದ ಪ್ರತಿ ಅಕ್ಷರವನ್ನೂ ಒಂದೇ ಸಲ ಓದುತ್ತಾ ಮುಂದೆ ಸಾಗುತ್ತದೆ.

1973ರ ಹೊತ್ತಿಗೆ ಯುನಿಕ್ಸ್‌ನಲ್ಲಿ ಗ್ರೆಪ್ ಬಂತು. ಅಲ್ಲಿನ ಲೀ ಮೆಕ್‌ಮಹನ್, ಅಮೆರಿಕದ ಸಂವಿಧಾನದ ಪರ ಬರೆದ 85 ಫೆಡರಲಿಸ್ಟ್ ಲೇಖನಗಳಲ್ಲಿ ಯಾವುದು ಯಾರದು ಎಂದು ಪತ್ತೆ ಮಾಡಲು ಹೊರಟಿದ್ದರು. ಆ ಪಠ್ಯ ಅಂದಿನ ಎಡಿಟರ್‌ನಲ್ಲಿ ಹಿಡಿಸುತ್ತಿರಲಿಲ್ಲ. ಥಾಂಪ್ಸನ್ ಎಡಿಟರ್‌ನ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಬೇರೆ ಪ್ರೋಗ್ರಾಂ ಮಾಡಿಕೊಟ್ಟರು.

ಹುಡುಕುವುದು ಬೇರೆ, ಪಠ್ಯದ ರಚನೆಯನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವುದು ಬೇರೆ. ಈ ಗೆರೆ ಎಲ್ಲಿದೆ ಎಂಬುದು ಐವತ್ತರ ದಶಕದಲ್ಲೇ ಗೊತ್ತಿತ್ತು. ನೋಮ್ ಚಾಮ್‌ಸ್ಕಿ 1956 ಮತ್ತು 1959ರಲ್ಲಿ ವ್ಯಾಕರಣಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದಾಗ ಕ್ಲೀನಿಯವರ ಭಾಷೆಗಳು ಬಂದು ಕೂತದ್ದು ಅತಿ ಕೆಳಗಿನ ಮೆಟ್ಟಿಲಲ್ಲಿ. ಎಣಿಸಲು ಬಾರದ ಕಾವಲುಗಾರನನ್ನು ನೆನೆಯಿರಿ. ಈಗ ಯಾವ ಬಾಗಿಲಲ್ಲಿ ನಿಂತಿದ್ದೇನೆ ಎಂಬುದಷ್ಟೇ ಅವನ ನೆನಪು. ಬಾಗಿಲುಗಳೋ ಇಷ್ಟೇ ಎಂದು ನಿಗದಿ. ಆವರಣ ಚಿಹ್ನೆಗಳು ಒಂದರೊಳಗೊಂದು ಎಷ್ಟು ಆಳಕ್ಕಾದರೂ ಹೋಗಬಹುದಾದಲ್ಲಿ, ತೆರೆದದ್ದೆಲ್ಲ ಮುಚ್ಚಿದೆಯೇ ಎಂದು ಹೇಳಲು ಅವನಿಂದಾಗದು. ಅದಕ್ಕೆ ಒಂದರ ಮೇಲೊಂದು ಪೇರಿಸಿಡುವ ನೆನಪು ಬೇಕು.

ಎಪ್ಪತ್ತರ ದಶಕದ ಬೆಲ್ ಲ್ಯಾಬ್ಸ್ ಈ ಗೆರೆಯನ್ನು ಗೌರವಿಸಿತು. ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್ ಮಾಡಿದ ಲೆಕ್ಸ್, ರೆಜೆಕ್ಸ್ ಬಳಸಿ ಅಕ್ಷರಗಳನ್ನು ಪದಗಳಾಗಿ ಒಡೆಯುತ್ತಿತ್ತು. ಸ್ಟೀಫನ್ ಜಾನ್ಸನ್ ಅವರ ಯಾಕ್, ಆ ಪದಗಳಿಂದ ವಾಕ್ಯದ ಮರ ಕಟ್ಟುತ್ತಿತ್ತು. ಪದ ಒಬ್ಬರಿಗೆ, ವಾಕ್ಯ ಇನ್ನೊಬ್ಬರಿಗೆ: ಅರ್ಧ ಶತಮಾನ ಕಳೆದರೂ ಇದಕ್ಕಿಂತ ಒಳ್ಳೆಯ ಕೆಲಸದ ಹಂಚಿಕೆ ಸಿಕ್ಕಿಲ್ಲ. ಆರು ಅಂಕಿಯ ಪಿನ್‌ಕೋಡ್, ಐದು ಅಕ್ಷರ-ನಾಲ್ಕು ಅಂಕಿ-ಒಂದು ಅಕ್ಷರದ ಪ್ಯಾನ್ ಸಂಖ್ಯೆ, ಸರ್ವರ್ ಲಾಗ್‌ನ ದಿನಾಂಕ ಇವಕ್ಕೆ ರೆಜೆಕ್ಸ್ ಹೇಳಿ ಮಾಡಿಸಿದ್ದು. ಎಚ್‌ಟಿಎಂಎಲ್, ಜೇಸನ್, ಪ್ರೋಗ್ರಾಮಿಂಗ್ ಭಾಷೆಯ ಸಾಲುಗಳಿಗೆ ಅಲ್ಲ. ಇಮೇಲ್ ವಿಳಾಸ ಸುಲಭವೆನಿಸುತ್ತದೆ. ಆದರೆ 1982ರ ಇಮೇಲ್ ನಿಯಮಾವಳಿ ವಿಳಾಸದ ನಡುವೆ ಆವರಣದೊಳಗೆ ಆವರಣ ಹಾಕಲೂ ಬಿಟ್ಟಿತ್ತು.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಪದದ ಮಟ್ಟದಲ್ಲೇ ಇನ್ನೊಂದು ಹಳ್ಳವಿದೆ. ಪೈಥಾನ್ ಜೊತೆಗೇ ಬರುವ ರೆಜೆಕ್ಸ್ ಘಟಕದಲ್ಲಿ 'ಪದದ ಅಕ್ಷರ' ಎಂಬ ಸಂಕೇತಕ್ಕೆ ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆಯಾಗಲಿ, ಸ್ವರಗಳ ಗುಣಿತ ಚಿಹ್ನೆಗಳಾಗಲಿ ಸೇರುವುದಿಲ್ಲ. ಅದರ ಕೈಗೆ 'ಕನ್ನಡ' ಕೊಟ್ಟರೆ 'ಕನ', 'ನಡ' ಎಂದು ಎರಡು ತುಂಡು ಮರಳಿ ಬರುತ್ತವೆ. ಯುನಿಕೋಡ್‌ನ ರೆಜೆಕ್ಸ್ ಶಿಫಾರಸು ಈ ಚಿಹ್ನೆಗಳನ್ನೂ ಸೇರಿಸಿಕೊಳ್ಳಿ ಎನ್ನುತ್ತದೆ. ಪರ್ಲ್ ಹಾಗೆಯೇ ಮಾಡುತ್ತದೆ.

ಥಾಂಪ್ಸನ್ ದಾರಿ ತಪ್ಪಿದ್ದು ಎಲ್ಲಿ? 1986ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಹೆನ್ರಿ ಸ್ಪೆನ್ಸರ್ ಒಂದು ರೆಜೆಕ್ಸ್ ಲೈಬ್ರರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಹಿಂದೆ ಬಂದು ಮತ್ತೆ ಯತ್ನಿಸುವ ವಿಧಾನ ಅದರದ್ದು. ಪರ್ಲ್ ಅದರ ಮೇಲೆ ಬೆಳೆಯಿತು, ಒಂದಾದ ಮೇಲೊಂದು ಸೌಲಭ್ಯ ಸೇರಿಸಿಕೊಂಡಿತು. ಪೈಥಾನ್, ಜಾವಾ ಮುಂತಾದವು ಅದೇ ಹಾದಿ ಹಿಡಿದವು. ಮೊದಲು ಸಿಕ್ಕಿದ್ದನ್ನೇ ಮತ್ತೆ ಹುಡುಕು ಎನ್ನುವಂಥ ಸೌಲಭ್ಯಗಳು ಕ್ಲೀನಿಯ ಗೆರೆಯ ಆಚೆಯವು. ಬೇಕಾದವರು ಯಾವಾಗಲೋ ಒಮ್ಮೆ, ಬೆಲೆ ತೆರುವವರು ಎಲ್ಲರೂ. 2007ರಲ್ಲಿ ರಸ್ ಕಾಕ್ಸ್ ಈ ಬೆಲೆಯನ್ನು ಅಳೆದು ತೋರಿಸಿದರು: ಬೇಕೆಂದೇ ಹೆಣೆದ ಒಂದು ಮಾದರಿಯನ್ನು 29 ಅಕ್ಷರಗಳ ಸಾಲಿಗೆ ಹೊಂದಿಸಲು ಪರ್ಲ್ 60 ಸೆಕೆಂಡಿಗೂ ಹೆಚ್ಚು ತೆಗೆದುಕೊಂಡರೆ, ಥಾಂಪ್ಸನ್ ವಿಧಾನಕ್ಕೆ ಸಾಕಾದದ್ದು 20 ಮೈಕ್ರೊಸೆಕೆಂಡ್. ಗೂಗಲ್‌ನ ಕೋಡ್ ಹುಡುಕಾಟದಲ್ಲಿ ಅಪರಿಚಿತರು ಕಳಿಸುವ ರೆಜೆಕ್ಸ್‌ಗಳನ್ನು ನಡೆಸಬೇಕಿದ್ದ ಕಾಕ್ಸ್, ಆ ಹಳೆಯ ವಿಧಾನದ ಮೇಲೆ ಆರ್‌ಇ2 ಎಂಬ ಲೈಬ್ರರಿ ಕಟ್ಟಿದರು. 2010ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು.

ಕ್ಲೌಡ್‌ಫ್ಲೇರ್ ತನ್ನ ತಪ್ಪನ್ನು ಮುಚ್ಚಿಡದೆ ಉದ್ದವಾದ ವರದಿಯಲ್ಲಿ ಬಿಡಿಸಿಟ್ಟಿತು. ರೆಜೆಕ್ಸ್ ಪ್ರೊಸೆಸರನ್ನು ಮಿತಿಮೀರಿ ಬಳಸದಂತೆ ತಡೆಯುವ ಒಂದು ರಕ್ಷಣೆ ಇತ್ತಂತೆ. ಪ್ರೊಸೆಸರ್ ಬಳಕೆ ತಗ್ಗಿಸಲೆಂದು ಕೆಲವೇ ವಾರಗಳ ಹಿಂದೆ ಕೋಡ್ ತಿದ್ದುವಾಗ ಕೈತಪ್ಪಿ ಅದು ಅಳಿಸಿಹೋಗಿತ್ತು. ಇನ್ನು ಮುಂದೆ ಆರ್‌ಇ2 ಅಥವಾ ರಸ್ಟ್ ಭಾಷೆಯ ರೆಜೆಕ್ಸ್ ಎಂಜಿನ್‌ಗೆ ಹೋಗುವುದಾಗಿಯೂ ವರದಿ ಹೇಳಿತು. ಎರಡರ ಬೇರೂ ಇರುವುದು 1968ರ ಆ ಪ್ರಬಂಧದಲ್ಲೇ.